ಸಿಸ್ಟರ್ ವಿದೋಸಾವಳ ಕಾರು ನೀರು ಕುಡಿದದ್ದು

ರಿಸಾನಿನಲ್ಲಿ ಸಿಸ್ಟರ್ ವಿದೋಸಾವಳಿಂದ ಬೈಸಿಕೊಳ್ಳದ ಮನೆ ಒಂದೂ ಇರಲಿಲ್ಲ. ಕೊಲ್ಲಿಯ ದಂಡೆಯ ಆ ಪುಟ್ಟ ಊರಿನಿಂದ ಹಿಡಿದು, ಅದರ ಬೆನ್ನಿಗೆ ನೆಟ್ಟಗೆ ಎದ್ದು ನಿಂತ ಕ್ರಿವೊಶಿಯೆ ಬೆಟ್ಟಗಳ ಕೊನೆಯ ಕಲ್ಲುಮನೆಯವರೆಗೆ, ಇಪ್ಪತ್ತಾರು ವರ್ಷಗಳಿಂದ ಮನೆಮನೆಗೆ ಹೋಗುವ ನರ್ಸು ಅವಳೇ. ಬಾಣಂತಿಯ ಹೊಲಿಗೆ ನೋಡುವುದು, ಕೂಸನ್ನು ತೂಗುವುದು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದು, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವುದು ಅವಳ ಕೆಲಸ. ಬೈಯುವುದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ, ಅದನ್ನು ಅವಳು ತಾನಾಗಿಯೇ ಮಾಡುತ್ತಿದ್ದಳು. ಒಮ್ಮೆ ಒಬ್ಬ ಮುದುಕ ರಕ್ತದೊತ್ತಡದ ಮಾತ್ರೆಗಳನ್ನು ನುಂಗುವ ಬದಲು ತುಳಸಿಯಂಥ ಗಿಡವೊಂದರ ಕುಂಡದಲ್ಲಿ ಹೂಳುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಅವನ ಕೈಗೆ ಚಮಚ ಕೊಟ್ಟು ಅಷ್ಟನ್ನೂ ಅಗೆಸಿ ತೆಗೆಸಿ, ಮಗ ಸೊಸೆಯ ಮುಂದೆ ಎಣಿಸಿದಳು. ಮುದುಕ ಆಮೇಲೆ ಹನ್ನೊಂದು ವರ್ಷ ಬದುಕಿದ. ಬೈಗುಳಕ್ಕೋ ಮಾತ್ರೆಗೋ ಹೇಳುವುದು ಕಷ್ಟ.

ಗಿಡ್ಡ ಆಳು. ಅಗಲ ಭುಜ, ಬಿಗಿಯಾಗಿ ಕಟ್ಟಿದ ಬೂದು ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಜೇಬಿನಲ್ಲಿ ಯಾವಾಗಲೂ ಒಂದು ಸುರುಳಿ ಬಿಳಿ ಪ್ಲಾಸ್ಟರ್ ಟೇಪು, ಒಂದು ಪೆನ್ನು. ಔಷಧದ ಬಾಟಲಿ, ಬ್ಯಾಂಡೇಜಿನ ಡಬ್ಬ, ಅಡುಗೆಮನೆಯ ಉಪ್ಪಿನಕಾಯಿ ಜಾಡಿ, ಏನೇ ಸಿಕ್ಕರೂ ಟೇಪು ಅಂಟಿಸಿ ತಾರೀಖು ಬರೆಯುವುದು ಅವಳ ಚಟ. ಕಾರಿನ ಬಾನೆಟ್ ಕೆಳಗೂ ಬಿಟ್ಟಿರಲಿಲ್ಲ. ಎಣ್ಣೆ ಬದಲಾಯಿಸಿದ್ದು, ಬ್ಯಾಟರಿ ಹಾಕಿಸಿದ್ದು, ಗಾಳಿ ಫಿಲ್ಟರಿನ ಡಬ್ಬಿ ತೊಳೆಸಿದ್ದು, ಎಲ್ಲದರ ಮೇಲೂ ಅವಳ ಗುಂಡು ಅಕ್ಷರದ ತಾರೀಖುಗಳು.

ಕಾರು ಅವಳದೇ. ಬಿಳಿಯದು, ಹಳೆಯದು, ಪೆಟ್ರೋಲಿನದು. ಒಂಬತ್ತು ವರ್ಷ ಅದು ಇಪ್ಪತ್ತೈದು ತಿರುವುಗಳ ಬೆಟ್ಟದ ರಸ್ತೆಯನ್ನು ವಾರಕ್ಕೆ ನಾಲ್ಕು ಸಲ ಹತ್ತಿ ಇಳಿದಿತ್ತು. ಮಳೆಗಾಲದಲ್ಲಿ ಆ ಬೆಟ್ಟಗಳ ಮೇಲೆ ಸುರಿಯುವಷ್ಟು ನೀರು ಯುರೋಪಿನಲ್ಲಿ ಇನ್ನೆಲ್ಲೂ ಸುರಿಯುವುದಿಲ್ಲ ಎಂದು ಅಲ್ಲಿಯವರು ಹೆಮ್ಮೆಯಿಂದಲೇ ಹೇಳುತ್ತಾರೆ. ವಿದೋಸಾವಳಿಗೆ ಅದರಲ್ಲಿ ಹೆಮ್ಮೆಪಡುವಂಥದ್ದು ಏನೂ ಕಂಡಿರಲಿಲ್ಲ.

ಗಂಡ ತ್ರಿಪೊ ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತನಾಗಿ ಮನೆ ಸೇರಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯತನಕ್ಕೆ ಮಾಡಲು ಕೆಲಸವಿರಲಿಲ್ಲ, ಅದೇ ತೊಂದರೆ. ಹಿಂದಿನ ವರ್ಷ ಅಡುಗೆಮನೆಯ ಕಪಾಟುಗಳನ್ನೆಲ್ಲ ಹಡಗಿನಲ್ಲಿದ್ದ ಹಾಗೆ ಚಿಲಕ ಹಾಕುವಂತೆ ಬದಲಾಯಿಸಿ, ಹೆಂಡತಿಗೆ ಸಕ್ಕರೆ ಸಿಗದ ಹಾಗೆ ಮಾಡಿದ್ದ. ಈ ವರ್ಷ ಸೆಪ್ಟೆಂಬರಿನಲ್ಲಿ ಅವಳ ಹುಟ್ಟುಹಬ್ಬಕ್ಕೆಂದು ಕಾರನ್ನು ಎರಡು ದಿನ ನಿಕ್ಷಿಚ್ ಪೇಟೆಗೆ ಒಯ್ದ. ತಂದು ಅಂಜೂರದ ಮರದ ಕೆಳಗೆ ನಿಲ್ಲಿಸಿ, ಹಾರನ್ ಬಾರಿಸಿ ಅವಳನ್ನು ಹೊರಗೆ ಕರೆದ.

"ವಿದಾ, ಕೇಳಿಸ್ಕೊ," ಎಂದು ಆಕ್ಸಿಲರೇಟರ್ ಒತ್ತಿದ. ಕಾರು ಹುಲಿ ಗುಟುರು ಹಾಕಿದ ಹಾಗೆ ಸದ್ದು ಮಾಡಿತು. ಪಕ್ಕದ ಮನೆಯ ನಾಯಿ ಓಡಿಹೋಯಿತು.

"ಏನಾಯ್ತು ಇದಕ್ಕೆ? ಸೈಲೆನ್ಸರ್ ಬಿತ್ತಾ?"

"ಸೈಲೆನ್ಸರ್ ಅಲ್ಲ ಕಣೇ. ಹೊಸ ಏರ್ ಫಿಲ್ಟರ್! ರೇಸಿನವ್ರು ಹಾಕ್ತಾರಲ್ಲ, ಅಂಥದ್ದು. ತಣ್ಣನೆ ಗಾಳಿ ಎಳ್ಕೊಳ್ಳುತ್ತೆ. ಇನ್ಮೇಲೆ ನೀನು ಬೆಟ್ಟ ಹತ್ತೋವಾಗ ಎರಡನೇ ಗೇರಲ್ಲಿ ಒದ್ದಾಡೋ ಹಾಗಿಲ್ಲ. ಮೇಕೆ ಹಾಗೆ ನೆಗೆಯುತ್ತೆ."

ಬಾನೆಟ್ ಎತ್ತಿ ತೋರಿಸಿದ. ಹಳೆಯ ಕರಿ ಪ್ಲಾಸ್ಟಿಕ್ ಡಬ್ಬಿ ಇದ್ದ ಕಡೆ ಖಾಲಿ. ಅಲ್ಲಿಂದ ತೋಳು ದಪ್ಪದ ಹೊಳೆಯುವ ಪೈಪೊಂದು ಕೆಳಕ್ಕಿಳಿದು ಮುಂದಿನ ಬಂಪರಿನ ಹಿಂದೆ, ಚಕ್ರದ ಪಕ್ಕ ಮಾಯವಾಗಿತ್ತು. ಅದರ ತುದಿಗೆ ಅನಾನಸಿನ ಆಕಾರದ ಕೆಂಪು ಫಿಲ್ಟರು, ಅದರ ಮೇಲೆ ಕರಿ ಬಟ್ಟೆಯ ಚೀಲ.

"ಅಷ್ಟು ಕೆಳಗಾ? ನೀರು ಹೋಗಲ್ವಾ?"

"ಅದಕ್ಕೇ ಚೀಲ. ಅಂಗಡಿ ವೆಸ್ಕೊ ನನ್ನ ಕಣ್ಣೆದುರೇ ನೀರು ಹಾಕಿ ತೋರಿಸ್ದ. ಒಂದು ಹನಿ ಒಳಗೆ ಹೋಗ್ಲಿಲ್ಲ. ಹಡಗೇ ಮುಳುಗಿದ್ರೂ ಇದು ಒದ್ದೆ ಆಗಲ್ಲ ಅಂದ."

"ಹಳೇ ಡಬ್ಬಿ ಎಲ್ಲಿ?"

"ಅಲ್ಲೇ ಬಿಟ್ಟೆ. ಕಸ. ಚಕ್ರದ ಒಳಗಿನ, ಕೆಸರು ತಡೆಯೋ ಪ್ಲಾಸ್ಟಿಕ್ಕೂ ಪೈಪಿಗೆ ಅಡ್ಡ ಬರ್ತಿತ್ತು, ತೆಗೆದು ಬಿಸಾಕಿದ್ರು."

ಅವಳಿಗೆ ಅದು ಇಷ್ಟವಾಗಲಿಲ್ಲ. ಆದರೆ ಐವತ್ತೆರಡನೆಯ ಹುಟ್ಟುಹಬ್ಬಕ್ಕೆ ಹೂವನ್ನೂ ತಾರದ ಗಂಡಸರನ್ನು ಅವಳು ದಿನಾ ನೋಡುತ್ತಿದ್ದಳು. ಆವತ್ತು ಬೈಯಲಿಲ್ಲ. ಆಮೇಲೆ ತಿಂಗಳುಗಟ್ಟಲೆ, ಬೈಯದೆ ಬಿಟ್ಟದ್ದಕ್ಕೆ ತನ್ನನ್ನೇ ಬೈದುಕೊಂಡಳು.

ನವೆಂಬರಿನಲ್ಲಿ ತೆಂಕಣ ಗಾಳಿ ಎದ್ದಿತು. ನಾಲ್ಕು ದಿನ ಬಿಡದೆ ಮಳೆ. ಆ ಬೆಟ್ಟಗಳು ಒಳಗೆಲ್ಲ ಪೊಳ್ಳು. ಕುಡಿಯುವಷ್ಟು ಕುಡಿದು, ತುಂಬಿದ ಮೇಲೆ ಕಲ್ಲಿನ ಸಂದಿಸಂದಿಯಿಂದ ನೀರು ಉಗುಳುತ್ತವೆ. ಐದನೆಯ ಬೆಳಿಗ್ಗೆ ಎಂಟೂವರೆಗೆ ಯಾಗ್ಲಿಕಾಳ ಫೋನ್ ಬಂತು. ಬೆಟ್ಟದ ಮೇಲಿನ ಊರಿನಲ್ಲಿ ಮಾವ ಗೊಯ್ಕೊನನ್ನು ನೋಡಿಕೊಳ್ಳುವ ಸೊಸೆ ಅವಳು. ಎಂಬತ್ತಮೂರರ ಗೊಯ್ಕೊನಿಗೆ ಮೂತ್ರಕ್ಕೆ ನಳಿಗೆ ಹಾಕಿತ್ತು. ರಾತ್ರಿಯಿಂದ ಚೀಲಕ್ಕೆ ಒಂದು ತೊಟ್ಟೂ ಬಿದ್ದಿಲ್ಲ, ನಳಿಗೆ ಕಟ್ಟಿಕೊಂಡಿದೆ.

"ಹೊಟ್ಟೆ ಕಲ್ಲಾಗಿದೆ ಸಿಸ್ಟರ್. ಕೂಗ್ತಾ ಇದ್ದಾರೆ. ಆಂಬುಲೆನ್ಸಿಗೆ ಫೋನ್ ಮಾಡಿದೆ, ಅದು ಕಣಿವೆ ಆ ಕಡೆ ಹೋಗಿದೆಯಂತೆ, ಮಧ್ಯಾಹ್ನ ಆಗುತ್ತಂತೆ."

"ನಾನು ಹತ್ತು ಗಂಟೆಗೆ ಅಲ್ಲಿರ್ತೀನಿ. ನೀರು ಕುಡಿಸಬೇಡ. ಧೈರ್ಯ ಹೇಳು."

ಹತ್ತು ಗಂಟೆಗೆ ಇರುತ್ತಿದ್ದಳು. ಒಂಬತ್ತು ವರ್ಷ ಇಂಥದೇ ಮಳೆಯಲ್ಲಿ ಹೇಳಿದ ಹೊತ್ತಿಗೆ ತಲುಪಿದ್ದಳು. ಹನ್ನೆರಡನೆಯ ತಿರುವಿನ ಆಚೆ ರಸ್ತೆ ಸ್ವಲ್ಪ ತಗ್ಗುತ್ತದೆ, ಅಲ್ಲಿ ಬೆಟ್ಟದ ನೀರು ಅಡ್ಡ ಹರಿಯುತ್ತದೆ. ಎಷ್ಟು ಸಲ ದಾಟಿದ್ದಳೋ ಲೆಕ್ಕವಿಲ್ಲ. ನಿಲ್ಲಿಸಿ ನೋಡಿದಳು. ಚಕ್ರದ ಅರ್ಧದವರೆಗೂ ಬರಲಿಕ್ಕಿಲ್ಲ ಅನಿಸಿತು. ಮೊದಲನೆಯ ಗೇರಿಗೆ ಹಾಕಿ, ಯಾವತ್ತಿನ ಹಾಗೆ ನಿಧಾನವಾಗಿ ಇಳಿದಳು.

ಮಧ್ಯಕ್ಕೆ ಬಂದಾಗ ಆ ಹುಲಿಯ ಗುಟುರು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಗೊಳಗೊಳ ಎಂದಿತು. ಆಮೇಲೆ ಸುತ್ತಿಗೆಯಲ್ಲಿ ಹೊಡೆದಂಥ ಒಂದು ಸದ್ದು. ಎಂಜಿನ್ ನಿಂತಿತು.

ಕೀ ತಿರುಗಿಸಿದಳು. ಕಟಕ್. ಮತ್ತೆ ತಿರುಗಿಸಿದಳು. ಕಟಕ್. ಮೂರನೆಯ ಸಲ ಒಳಗೆ ಏನೋ ಲಟಕ್ಕೆಂದಿತು, ಆಮೇಲೆ ಅದೂ ಇಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಗಾಜಿನ ಮೇಲೆ ಮಳೆ ಕೊಡ ಮಗುಚಿದ ಹಾಗೆ ಬೀಳುತ್ತಿತ್ತು.

ಹತ್ತು ನಿಮಿಷ ಕಾದಳು, ಯಾರಾದರೂ ಬಂದಾರೆಂದು. ಆ ಮಳೆಯಲ್ಲಿ ಬೆಟ್ಟದ ಮೇಲೆ ಹೋಗುವ ಹುಚ್ಚು ಇನ್ನು ಯಾರಿಗೂ ಇರಲಿಲ್ಲ. ಔಷಧದ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು, ಮೊಣಕಾಲು ನೀರಿಗೆ ಇಳಿದು ನಡೆದಳು. ಆರೂವರೆ ಕಿಲೋಮೀಟರು, ಎಲ್ಲ ಏರು. ಮೊದಲ ಕಿಲೋಮೀಟರು ಕಾರನ್ನು ಬೈದಳು. ಎರಡನೆಯದರಲ್ಲಿ ಗಂಡನನ್ನು. ಮೂರನೆಯದರಲ್ಲಿ ತಾನು ಎಂದೂ ನೋಡದ ನಿಕ್ಷಿಚಿನ ವೆಸ್ಕೊನನ್ನು. ನಾಲ್ಕನೆಯದರ ಹೊತ್ತಿಗೆ ಬೈಯಲು ಉಸಿರಿರಲಿಲ್ಲ. ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು, ಹಿಮ್ಮಡಿ ಸುಲಿದಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಗೊಯ್ಕೊನ ಮನೆಯಂಗಳ ಮುಟ್ಟಿದಳು. ಕೂಗು ಅಂಗಳಕ್ಕೇ ಕೇಳುತ್ತಿತ್ತು. ಗೊಯ್ಕೊ ಯುದ್ಧ ನೋಡಿದವನು, ಕಾಡಿನಲ್ಲಿ ಕೊಡಲಿ ತಾಗಿ ಎರಡು ಬೆರಳು ಹೋದಾಗ ಹಲ್ಲು ಕಚ್ಚಿ ಸುಮ್ಮನಿದ್ದವನು ಎಂದು ಊರಿಗೆಲ್ಲ ಗೊತ್ತು. ಅಂಥವನು ದಿಂಬು ಕಚ್ಚಿಕೊಂಡು, ಸತ್ತ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ. ವಿದೋಸಾವ ಒದ್ದೆ ಕೋಟನ್ನು ಬಾಗಿಲಲ್ಲೇ ಬಿಸಾಡಿ, ಕೈ ತೊಳೆದು, ಮರಗಟ್ಟಿದ ಬೆರಳುಗಳನ್ನು ಒಲೆಗೆ ಹಿಡಿದು ಬಿಸಿ ಮಾಡಿಕೊಂಡಳು. ಹಳೆಯ ನಳಿಗೆ ತೆಗೆದು ಹೊಸದು ಹಾಕಿದಳು. ಒಮ್ಮೆಲೇ ಬಿಡದೆ, ತಡೆದು ತಡೆದು, ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಟ್ಟಳು. ಬಂದದ್ದರಲ್ಲಿ ರಕ್ತ ಇತ್ತು. ಮುದುಕನ ಮುಖ ಸಡಿಲವಾಯಿತು. ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ಬಂದ್ಯಾ ಮಗಳೇ," ಎಂದ, ಅಷ್ಟೇ.

ಯಾಗ್ಲಿಕಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಹತ್ತು ಗಂಟೆಗೆ ಬರ್ತೀನಿ ಅಂದಿದ್ರಿ ಸಿಸ್ಟರ್."

ಇಪ್ಪತ್ತಾರು ವರ್ಷ ಎಲ್ಲರ ತಪ್ಪು ಎಣಿಸಿದವಳು ಬಗ್ಗಿ, ಹಳೆಯ ನಳಿಗೆಯನ್ನು ಕಾಗದದಲ್ಲಿ ಸುತ್ತಿದಳು. ಮಧ್ಯಾಹ್ನದ ಮೇಲೆ ಗೊಯ್ಕೊನಿಗೆ ಚಳಿ ಹಿಡಿದು ಜ್ವರ ಬಂತು. ಆಂಬುಲೆನ್ಸು ಬಂದು ಅವನನ್ನು ಆಸ್ಪತ್ರೆಗೆ ಒಯ್ದಿತು, ರಕ್ತಕ್ಕೆ ನಂಜೇರಿದೆ ಎಂದರು.

ಗೊಯ್ಕೊನ ನೆರೆಮನೆಯವರ ಟ್ರ್ಯಾಕ್ಟರು ಅವಳನ್ನು ಹತ್ತಿಸಿಕೊಂಡು, ಸತ್ತ ಕಾರನ್ನು ಎಳೆದುಕೊಂಡು ಸಂಜೆಯೊಳಗೆ ಕೆಳಗಿಳಿಸಿತು. ತ್ರಿಪೊ ಮೀನಿನ ಸಾರು ಕಾಯಿಸಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ.

"ವಿದಾ, ಏನಾಯ್ತು? ನಾನು ಎಷ್ಟು..."

"ನಿನ್ನ ಮೇಕೆ ನೀರು ಕುಡೀತು," ಎಂದಳು. "ಬಾಯಿ ಮುಚ್ಚು. ನಾನು ಬಾಯಿ ತೆರೆದ್ರೆ ಇವತ್ತು ಈ ಮನೆ ನಿಲ್ಲಲ್ಲ."

ಹೇಳಿದ ಹಾಗೆಯೇ ಬಾಯಿ ಮುಚ್ಚಿದಳು. ಬೈಗುಳಕ್ಕೆ ಒಗ್ಗಿದ್ದ ತ್ರಿಪೊ ಆ ಮೌನ ತಡೆಯಲಾರದೆ ಹೋದ. "ಬೈದ್ಬಿಡು ಮಾರಾಯ್ತಿ, ಒಂದು ಸಲ ಬೈದ್ಬಿಡು," ಎಂದು ಗೋಗರೆದ. ಅವಳು ಉಪ್ಪಿನ ಡಬ್ಬಿ ಬೇಕಾದರೂ ಬೆರಳು ತೋರಿಸುತ್ತಿದ್ದಳು.

ಮಾರನೆಯ ದಿನ ಗ್ಯಾರೇಜಿನ ಸ್ಪಿರೊ ಎಂಜಿನ್ ಬಿಚ್ಚಿದ. ಎಪ್ಪತ್ತರ ಹತ್ತಿರದ ಮೆಕ್ಯಾನಿಕ್, ಮಾತು ಕಡಿಮೆ. ಸ್ಪಾರ್ಕ್ ಪ್ಲಗ್ ತೆಗೆದಾಗ ತೂತಿನಿಂದ ಕೆಸರು ನೀರು ಬಂತು. ಸಂಜೆ ಹೊತ್ತಿಗೆ ಪಿಸ್ಟನ್ನಿನ ಕೆಳಗಿನ ಕಂಬಿಯನ್ನು ಹೊರಗೆಳೆದು ಅವಳ ಮುಂದೆ ಹಿಡಿದ. ಅದು ಬಾಳೆಹಣ್ಣಿನ ಹಾಗೆ ಬಗ್ಗಿತ್ತು.

"ಸ್ಪಿರೊಣ್ಣ, ನನಗೆ ಅರ್ಥ ಆಗೋ ಹಾಗೆ ಹೇಳಿ. ಅದೇ ತಗ್ಗು, ಅದೇ ನೀರು. ಒಂಬತ್ತು ವರ್ಷ ಆಗದ್ದು ಈಗ ಯಾಕೆ ಆಯ್ತು?"

"ಗಾಳಿ ಎಳೆಯೋ ಮೂಗು ಎಲ್ಲಿತ್ತು, ಎಲ್ಲಿಗೆ ಬಂತು, ನೋಡಮ್ಮ," ಎಂದು ಸ್ಪಿರೊ ಬೆರಳಿನಿಂದ ತೋರಿಸಿದ. "ಕಂಪನಿಯವ್ರು ಇಲ್ಲಿ ಇಟ್ಟಿದ್ರು, ಹೆಡ್‌ಲೈಟಿನ ಹಿಂದೆ, ಎತ್ತರದಲ್ಲಿ. ಬಾಯಿ ಒಳಮುಖ. ಇವ್ರು ಅದನ್ನ ಮೊಣಕಾಲಿಗೆ ಇಳಿಸಿದ್ರು. ಮೊಣಕಾಲಲ್ಲಿ ಮೂಗು ಇಟ್ಕೊಂಡು ಯಾರಾದ್ರೂ ಹೊಳೆ ದಾಟ್ತಾರಾ? ಅದು ಗಾಳಿ ಅಂತ ನೀರು ಎಳ್ಕೊಳ್ತು. ಗಾಳಿ ಹಿಂಡಿದ್ರೆ ಕುಗ್ಗುತ್ತೆ. ನೀರು ಕುಗ್ಗಲ್ಲ. ಬಗ್ಗಿದ್ದು ಕಂಬಿ."

"ಮತ್ತೆ ಆ ಚೀಲ? ಒಂದು ಹನಿ ಹೋಗಲ್ಲ ಅಂದಿದ್ನಂತೆ."

"ಚೀಲ ಕೆಟ್ಟದ್ದಲ್ಲ. ಮಳೆ ಎರಚಲಿಗೆ, ಚಕ್ರ ಹಾರಿಸೋ ಹನಿಗೆ ಒಳ್ಳೇದೇ. ಹನಿ ಬೇರೆ, ಮುಳುಗೋದು ಬೇರೆ. ಚಕ್ರದ ಒಳಗಿನ ಪ್ಲಾಸ್ಟಿಕ್ ಬೇರೆ ಕಿತ್ತುಹಾಕಿದಾರೆ. ಇದ್ದ ಒಂದು ತಡೆಯೂ ಹೋಯ್ತು." ಕಂಬಿಯನ್ನು ಕೆಳಗಿಟ್ಟು ಕೇಳಿದ, "ನಿಂತ ಮೇಲೆ ಕೀ ತಿರುಗಿಸಿದ್ಯಾ?"

"ಮೂರು ಸಲ."

"ಅದೇ. ಮೊದಲನೇ ಸಲಕ್ಕೆ ಬಿಟ್ಟಿದ್ರೆ, ಪ್ಲಗ್ ತೆಗೆದು ನೀರು ಉಗುಳಿಸಿದ್ರೆ ಬದುಕ್ತಿತ್ತೇನೋ."

ಆ ಮಾತು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕೂಸಿನ ಉಸಿರುನಾಳಕ್ಕೆ ನೀರು ಹೋದರೆ ಮೊದಲು ಏನು ಮಾಡಬೇಕೆಂದು ನೂರು ತಾಯಂದಿರಿಗೆ ಕಲಿಸಿದವಳು ತಾನು. ಇದನ್ನು ಯಾರೂ ತನಗೆ ಹೇಳಿರಲಿಲ್ಲ. ಮಾರಿದವನು ಹೇಳಬೇಕಿತ್ತು.

ಶುಕ್ರವಾರ ಅವಳು ನಿಕ್ಷಿಚ್ ಬಸ್ಸು ಹತ್ತಿದಳು. ಒಂದು ಕೈಯಲ್ಲಿ ಫಿಲ್ಟರೂ ಚೀಲವೂ ಇದ್ದ ಪೊಟ್ಟಣ, ಇನ್ನೊಂದರಲ್ಲಿ ಬೇಕರಿಯಿಂದ ಆಗಷ್ಟೇ ತಂದ ಒಂದು ಗುಂಡು ಬ್ರೆಡ್ಡು. ಹಿಂದೆ ತ್ರಿಪೊ ಒಂದು ಕಬ್ಬಿಣದ ಬಕೆಟ್ ಹಿಡಿದು ಬಂದ. ಯಾಕೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಬೆರಳು ತೋರಿಸಿದ್ದಳು, ತಂದಿದ್ದ.

ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು. ಹೊಳೆಯುವ ಪೈಪುಗಳು, ಬಣ್ಣಬಣ್ಣದ ಫಿಲ್ಟರುಗಳು ಗೋಡೆ ತುಂಬ ತೂಗಾಡುತ್ತಿದ್ದವು. ವೆಸ್ಕೊ ನಲವತ್ತರ ಮನುಷ್ಯ, ನುಣ್ಣಗೆ ಬಾಚಿದ ಗಡ್ಡ, ಮಾತು ಇನ್ನೂ ನುಣುಪು. ಅವಳ ಮಾತು ಕೇಳಿ ತಲೆ ಅಲ್ಲಾಡಿಸಿದ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಗಾಡಿನ ನೀರಿಗೆ ಇಳಿಸಿದ್ದು ನೀವು. ಇದು ಕಾರು, ದೋಣಿ ಅಲ್ಲ."

ಇಬ್ಬರು ಮೂವರು ನಕ್ಕರು.

"ಈ ಮಾತನ್ನ ನನ್ನ ಗಂಡನಿಗೆ ಚೀಲ ಮಾರೋವಾಗ ಹೇಳಿದ್ಯೇನಪ್ಪಾ?"

"ಚೀಲದಲ್ಲಿ ದೋಷ ಇಲ್ಲ ಅಕ್ಕಾ. ಬೇಕಾದ್ರೆ ನೋಡಿ, ಎಲ್ಲರ ಎದುರೇ ತೋರಿಸ್ತೀನಿ." ಅವಳ ಕೈಯಿಂದಲೇ ಚೀಲ ತೆಗೆದುಕೊಂಡು, ಲೋಟದಿಂದ ನೀರು ಸುರಿದ. ಹನಿಗಳು ಮುತ್ತಿನ ಹಾಗೆ ಉರುಳಿ ಕೆಳಗೆ ಬಿದ್ದವು. "ನೋಡಿದ್ರಾ?"

"ನೋಡಿದೆ. ಈಗ ನೀನು ನೋಡು. ತ್ರಿಪೊ, ಬಕೆಟ್."

ಮೂರು ದಿನದಲ್ಲಿ ಅವಳು ಗಂಡನೊಂದಿಗೆ ಆಡಿದ ಮೊದಲ ಮಾತು ಅದು. ತ್ರಿಪೊ ಓಡಿಹೋಗಿ ಅಂಗಳದ ನಲ್ಲಿಯಿಂದ ಬಕೆಟ್ ತುಂಬಿ ತಂದು ಗಲ್ಲಾದ ಮುಂದೆ ಇಟ್ಟ. ವಿದೋಸಾವ ಬ್ರೆಡ್ಡನ್ನು ಚೀಲದೊಳಗೆ ತುರುಕಿ, ಬಾಯಿ ಬಿಗಿದು, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ, ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದಳು. ಮೊದಲು ಗುಳ್ಳೆಗಳು ಬಂದವು. ಆಮೇಲೆ ಅವೂ ನಿಂತವು. ಅರ್ಧ ನಿಮಿಷ ಬಿಟ್ಟು ತೆಗೆದು, ಚೀಲ ಬಿಚ್ಚಿ, ಬ್ರೆಡ್ಡನ್ನು ವೆಸ್ಕೊನ ಗಾಜಿನ ಗಲ್ಲಾದ ಮೇಲೆ ಇಟ್ಟು ಅಂಗೈಯಿಂದ ಒತ್ತಿದಳು. ನೀರು ಹರಿದು ಅವನ ರಸೀದಿ ಪುಸ್ತಕ ತೋಯ್ದಿತು.

"ಇದು ನನ್ನ ಎಂಜಿನ್," ಎಂದಳು. "ಬ್ರೆಡ್ಡಾದ್ರೆ ಹಿಂಡಬಹುದು. ಅದನ್ನ ಹಿಂಡೋಕಾಗಲ್ಲ. ಹಡಗು ಮುಳುಗಿದ್ರೂ ಒದ್ದೆ ಆಗಲ್ಲ ಅಂದ್ಯಂತೆ?"

"ಅದು... ಮಾತಿಗೆ ಹೇಳೋದು ಅಕ್ಕಾ. ವ್ಯಾಪಾರ ಅಂದ್ಮೇಲೆ..."

"ಮಾತಿಗಾ?" ಅವಳ ದನಿ ಅಂಗಡಿಯ ಗಾಜು ನಡುಗಿಸಿತು. "ನಿನ್ನ ಮಾತಿನಿಂದ ಎಂಬತ್ತಮೂರು ವರ್ಷದ ಮುದುಕ ಎರಡು ಗಂಟೆ ಹೆಚ್ಚು ಕೂಗಿದ. ಎರಡು ಗಂಟೆ! ನಿನಗೆ ಉಚ್ಚೆ ಬಂದು ಎರಡು ಗಂಟೆ ತಡ್ಕೊಂಡು ನೋಡು, ಆಮೇಲೆ ಮಾತಿಗೆ ಹೇಳು! ಅವನು ಈಗ ಆಸ್ಪತ್ರೆಲಿ ನಂಜೇರಿ ಮಲಗಿದಾನೆ. ನಾನೂ ಮೂರು ಸಲ ಕೀ ತಿರುಗಿಸಿದೆ, ನನ್ನ ತಪ್ಪು ನಾನು ಒಪ್ಕೊಳ್ತೀನಿ. ನಿಂತ ಮೇಲೆ ತಿರುಗಿಸಬಾರ್ದು ಅನ್ನೋದು ನಿನಗೆ ಗೊತ್ತಿತ್ತೋ ಇಲ್ವೋ?"

ವೆಸ್ಕೊ ತೋಯ್ದ ರಸೀದಿ ಪುಸ್ತಕ ಒರೆಸತೊಡಗಿದ.

"ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು."

ಮೊದಲು ನಕ್ಕಿದ್ದವರಲ್ಲಿ ಒಬ್ಬ ಕೈಯಲ್ಲಿದ್ದ ಫಿಲ್ಟರಿನ ಪೆಟ್ಟಿಗೆಯನ್ನು ಮೆಲ್ಲಗೆ ಕಪಾಟಿಗೆ ಮರಳಿಸಿ ಹೊರಗೆ ನಡೆದ. ವೆಸ್ಕೊ ಬೆವರು ಒರೆಸಿಕೊಂಡು, ಬೇರೆ ಫಿಲ್ಟರ್ ಕೊಡುತ್ತೇನೆ, ಇನ್ನೂ ಒಳ್ಳೆಯ ಚೀಲ ಕೊಡುತ್ತೇನೆ ಎಂದ. ಅವಳಿಗೆ ಬೇಡವಾಗಿತ್ತು.

"ನನ್ನ ಹಳೇ ಡಬ್ಬಿ ಕೊಡು."

"ಅದೆಲ್ಲ ಹಿತ್ತಲಲ್ಲಿ ರಾಶಿ ಹಾಕಿದೀವಿ. ಯಾವುದು ಯಾರದ್ದೋ. ಬೇಕಾದ್ರೆ ಹುಡುಕ್ಕೊಳ್ಳಿ."

ಹುಡುಕುವುದಿಲ್ಲ ಎಂದು ಅವನು ಅಂದುಕೊಂಡಿದ್ದ. ಹಿತ್ತಲಿನಲ್ಲಿ ತಲೆಯೆತ್ತರದ ರಾಶಿಯಿತ್ತು. ಎಲ್ಲ ಕಪ್ಪು ಡಬ್ಬಿಗಳು, ಅವುಗಳಲ್ಲಿ ಮಳೆನೀರು, ಬಸವನಹುಳು, ಕೊಳೆತ ಎಲೆ. ಅದನ್ನು ನೋಡಿ ವಿದೋಸಾವ ಒಂದು ನಿಮಿಷ ನಿಂತಳು. ಒಂದೊಂದು ಡಬ್ಬಿಗೂ ಒಂದೊಂದು ಕಾರು ಈ ಮಳೆಯ ಬೆಟ್ಟಗಳಲ್ಲಿ ಎಲ್ಲೋ ಮೊಣಕಾಲಲ್ಲಿ ಮೂಗು ಇಟ್ಟುಕೊಂಡು ಓಡುತ್ತಿತ್ತು. ಅವಳ ಸಿಟ್ಟು ಅಲ್ಲಿ ಒಂದು ಸುತ್ತು ದೊಡ್ಡದಾಯಿತು. ಕೋಟಿನ ತೋಳು ಮಡಚಿ ರಾಶಿಗೆ ಕೈ ಹಾಕಿದಳು. ತ್ರಿಪೊ ಇನ್ನೊಂದು ಕಡೆಯಿಂದ ಶುರುಮಾಡಿದ. ಮಳೆ ಹನಿಯುತ್ತಲೇ ಇತ್ತು. ಒಂದೂವರೆ ಗಂಟೆಯ ಮೇಲೆ ತಳದ ಹತ್ತಿರ ಒಂದು ಡಬ್ಬಿಯ ಬದಿಯಲ್ಲಿ ಬೆಳ್ಳಗೆ ಏನೋ ಕಂಡಿತು. ಪ್ಲಾಸ್ಟರ್ ಟೇಪು. ಅದರ ಮೇಲೆ ಅವಳದೇ ಅಕ್ಷರ, ಮಾರ್ಚ್ ತಿಂಗಳ ತಾರೀಖು.

"ಆ ಕಡೆ ಹಿಡ್ಕೊ," ಎಂದಳು. ತ್ರಿಪೊ ಹಿಡಿದುಕೊಂಡ. ಇಬ್ಬರೂ ಎಳೆದರು.

ಚಕ್ರದ ಒಳಗಿನ ಪ್ಲಾಸ್ಟಿಕ್ ಸಿಗಲಿಲ್ಲ. ಬೇರೆ ಯಾವುದೋ ಕಾರಿನದನ್ನು ಹೊತ್ತುಕೊಂಡು ಬಂದರು. ಬಸ್ಸಿನಲ್ಲಿ ಕೆಸರು ಮೆತ್ತಿದ ಸಾಮಾನುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಾಗ, ಅವಳು ಕೊನೆಗೂ ಬೈಯಲು ಶುರುಮಾಡಿದಳು. ನಿಕ್ಷಿಚಿನಿಂದ ರಿಸಾನಿನವರೆಗೆ ನಿಲ್ಲಿಸಲಿಲ್ಲ. ಹಿಂದಿನ ಸೀಟಿನ ಹೆಂಗಸು, "ಅಯ್ಯೋ ಪಾಪ, ಸಾಕು ಬಿಡಮ್ಮಾ," ಎಂದಳು. "ನೀವು ಸುಮ್ನಿರಿ ಅಮ್ಮ," ಎಂದ ತ್ರಿಪೊ, "ಬೈಯ್ಲಿ." ಅವನ ಮುಖದಲ್ಲಿ ಎಷ್ಟೋ ನೆಮ್ಮದಿಯಿತ್ತು.

ಎಂಜಿನ್ ಸರಿಹೋಗಲು ಐದು ವಾರ ಬೇಕಾಯಿತು. ಆ ಐದು ವಾರ ಬೆಟ್ಟದ ಮೇಲಿನ ಮನೆಗಳನ್ನು ಅವಳು ಬಿಡಲಿಲ್ಲ. ಬ್ರೆಡ್ಡು ಮಾರುವ ಗಾಡಿ ಹೋಗುವಷ್ಟು ದೂರ ಅದರಲ್ಲಿ, ಅಲ್ಲಿಂದ ಮುಂದೆ ನಡಿಗೆ. ತ್ರಿಪೊ ಚೀಲ ಹೊತ್ತುಕೊಂಡು ಹಿಂದೆ ನಡೆದ. ಅರವತ್ತನಾಲ್ಕರ, ಹೊಟ್ಟೆ ಬಂದ ಮನುಷ್ಯ. ಮೊದಲ ವಾರ ಪ್ರತಿ ತಿರುವಿನಲ್ಲೂ ಕೂರುತ್ತಿದ್ದ. ಅವನು ಹೋದ ಮನೆಯಲ್ಲೆಲ್ಲ ಒಲೆಯ ಮೇಲೆ ಆಲೂಗಡ್ಡೆ, ಜೋಳದ ಹಿಟ್ಟಿನ ಮುದ್ದೆ ತಿರುವುತ್ತ ಹೆಂಗಸರು ಕೇಳುತ್ತಿದ್ದರು, "ಇವ್ರೇನಾ ಸಿಸ್ಟರ್ ಕಾರಿಗೆ ನೀರು ಕುಡಿಸಿದ್ದು?" ಮುದುಕರು ಎದ್ದು ಕೂತು ಅವನನ್ನು ನೋಡುತ್ತಿದ್ದರು. ತಮಗೆ ಬರಬೇಕಿದ್ದ ಬೈಗುಳವೆಲ್ಲ ಅವನ ಪಾಲಿಗೆ ಹೋಗುತ್ತಿದೆ ಎಂದು ಅವರಿಗೆ ಖುಷಿ. ಯಾಗ್ಲಿಕಾಳ ಮನೆಯಲ್ಲಿ ಮಾತ್ರ ಯಾರೂ ಅವನಿಗೆ ಏನೂ ಅನ್ನಲಿಲ್ಲ. ಖಾಲಿ ಹಾಸಿಗೆಯ ಎದುರು ಅವನು ಟೋಪಿ ತೆಗೆದು ನಿಂತ. ಹಿತ್ತಲಲ್ಲಿ ಕೊಡಲಿ ಕಂಡಿತು. ಎರಡು ತಾಸು ಸೌದೆ ಒಡೆದು, ಮಾತಿಲ್ಲದೆ ಇಳಿದುಬಂದ.

ಕಾರು ಬಂದಾಗ ಸ್ಪಿರೊ ಎಲ್ಲವನ್ನೂ ಅವಳ ಕೈಯಿಂದಲೇ ಮುಟ್ಟಿಸಿ ತೋರಿಸಿದ. ಡಬ್ಬಿ ಮೊದಲಿನ ಜಾಗದಲ್ಲಿ, ಎತ್ತರದಲ್ಲಿ. ಅದರ ತಳದಲ್ಲಿ ನೀರು ಇಳಿದುಹೋಗುವ ಸಣ್ಣ ತೂತು ಕಸ ಕಟ್ಟದ ಹಾಗೆ ಶುಚಿಯಾಗಿ. ಬೇರೆ ಕಾರಿನ ಪ್ಲಾಸ್ಟಿಕ್ಕನ್ನು ತ್ರಿಪೊ ಕತ್ತರಿಸಿ, ಅಂಚು ಕಾಯಿಸಿ ಬಗ್ಗಿಸಿ, ಚಕ್ರದ ಒಳಗೆ ಕೂರಿಸಿದ್ದ. ಅಷ್ಟು ಒಪ್ಪವಾಗಿ ಅವನು ಜೀವನದಲ್ಲಿ ಏನನ್ನೂ ಮಾಡಿರಲಿಲ್ಲ. ವಿದೋಸಾವ ಟೇಪು ಅಂಟಿಸಿ ತಾರೀಖು ಬರೆದಳು.

ಗೊಯ್ಕೊ ಜನವರಿಯಲ್ಲಿ ಮನೆಗೆ ಬಂದ, ಅರ್ಧ ತೂಕವಾಗಿ. ಎದ್ದು ನಡೆಯುವುದು ಅವನಿಂದ ಆಮೇಲೆ ಆಗಲಿಲ್ಲ. ಮೊದಲ ಭೇಟಿಯಲ್ಲಿ ಅವಳು ಹಾಸಿಗೆಯ ಬದಿಯಲ್ಲಿ ಕೂತು, "ಅಜ್ಜ, ಆವತ್ತು ತಡ ಮಾಡ್ದೆ. ನನ್ನಿಂದ ತಪ್ಪಾಯ್ತು," ಎಂದಳು.

"ನಡ್ಕೊಂಡು ಬಂದ್ಯಲ್ಲೇ," ಎಂದ ಮುದುಕ. ಆಮೇಲೆ ತಲೆದಿಂಬಿನ ಕಡೆ ಕಣ್ಣು ಹೊರಳಿಸಿದ. ಅವಳು ಕೈ ಹಾಕಿದರೆ ಅಲ್ಲಿ ಸಿಗರೇಟು ಸುತ್ತುವ ಹೊಗೆಸೊಪ್ಪಿನ ಪೊಟ್ಟಣ. ಅರ್ಧ ತಾಸು ಬೈದಳು. ಯಾಗ್ಲಿಕಾ ಅಡುಗೆಮನೆಯಲ್ಲಿ ನಗುವುದು ಕೇಳಿಸಿತು. ಆ ಮನೆಯಲ್ಲಿ ನಗು ಕೇಳದೆ ಎರಡು ತಿಂಗಳಾಗಿತ್ತು.

ನಿಕ್ಷಿಚಿನ ಅಂಗಡಿ ಮುಚ್ಚಲಿಲ್ಲ. ವೆಸ್ಕೊ ಈಗಲೂ ಚೀಲ ಮಾರುತ್ತಾನೆ. ಪೊಟ್ಟಣದ ಹಿಂಬದಿಯಲ್ಲಿ "ನೀರಿನಲ್ಲಿ ಮುಳುಗಿಸಬಾರದು" ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ ಎಂದು ಯಾರೋ ತಂದು ತೋರಿಸಿದರು. ವಿದೋಸಾವ ಕನ್ನಡಕ ಹಾಕಿಕೊಂಡು ಓದಿ, ಅಕ್ಷರದ ಗಾತ್ರಕ್ಕೆ ಹೊಸದಾಗಿ ಸಿಟ್ಟಿಗೆದ್ದಳು. ಒಂದು ದೊಡ್ಡ ರಟ್ಟು ತಂದು, ತನ್ನ ಗುಂಡು ಅಕ್ಷರದಲ್ಲಿ ಬರೆದು, ರಿಸಾನಿನ ಪೆಟ್ರೋಲ್ ಬಂಕಿನ ಗೋಡೆಗೆ ಪ್ಲಾಸ್ಟರ್ ಟೇಪಿನಿಂದಲೇ ಅಂಟಿಸಿದಳು: ನಿಮ್ಮ ಫಿಲ್ಟರ್ ಎಲ್ಲಿದೆ, ಬಗ್ಗಿ ನೋಡಿ. ಬಂಪರಿನ ಹಿಂದಿದ್ದರೆ ರಸ್ತೆಗೆ ಬಂದ ನೀರಿಗೆ ಇಳಿಯಬೇಡಿ. ನೀರಲ್ಲಿ ಎಂಜಿನ್ ನಿಂತರೆ ಕೀ ತಿರುಗಿಸಬೇಡಿ. ಸಹಿ: ಸಿಸ್ಟರ್ ವಿದೋಸಾವ. ಮಳೆಗೆ ರಟ್ಟು ಕರಗಿದಾಗಲೆಲ್ಲ ಹೊಸದು ಬರೆದಳು. ಪೆಟ್ರೋಲಿಗೆ ನಿಂತ ಕಾರು ಹುಲಿಯ ಹಾಗೆ ಗುಟುರು ಹಾಕಿದರೆ ಸಾಕು, ಹತ್ತಿರ ಹೋಗಿ, ಮಂಡಿಯೂರಿ, ಬಂಪರಿನ ಕೆಳಗೆ ಇಣುಕುತ್ತಿದ್ದಳು. ಕೆಲವರು ನಕ್ಕರು. ಕೆಲವರು ಅವಳು ಕಂಡರೆ ಬಂಕನ್ನೇ ಬಿಟ್ಟು ಮುಂದೆ ಹೋದರು.

ಮರುವರ್ಷ ಅಕ್ಟೋಬರಿನ ಒಂದು ಬೆಳಿಗ್ಗೆ ಸಮುದ್ರ ಉಕ್ಕಿ ದಂಡೆಯ ರಸ್ತೆಗೆ ನೀರು ನುಗ್ಗಿತ್ತು. ವಿದೋಸಾವ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಳು. ದನದ ಡಾಕ್ಟರು ಓಬ್ರಾದ್ ತನ್ನ ನೀಲಿ ಕಾರನ್ನು ಜೋರಾಗಿ ನೀರಿಗೆ ನುಗ್ಗಿಸಿದ್ದು, ನಡುವೆ ಅದು ಗೊಳಗೊಳ ಎಂದು ನಿಂತದ್ದು ಅವಳಿಗೆ ಕಿಟಕಿಯಿಂದ ಕಂಡಿತು. ಕಪ್ಪನ್ನು ಕುಕ್ಕಿ, ಕೋಟಿಲ್ಲದೆ ಹೊರಗೆ ಓಡಿದಳು.

"ಕೈ ತೆಗಿ! ಡಾಕ್ಟ್ರೇ, ಕೀ ಮುಟ್ಟಬೇಡ! ಕೈ ತೆಗಿ ಅಂತೀನಿ!"

ಓಬ್ರಾದ್ ಹೆದರಿ ಎರಡೂ ಕೈ ಮೇಲೆತ್ತಿದ, ಪೊಲೀಸರು ಬಂದೂಕು ಹಿಡಿದಾಗ ಎತ್ತುವ ಹಾಗೆ. ಅವಳೇ ನೀರಲ್ಲಿ ನಿಂತು ನಾಲ್ಕು ಜನರನ್ನು ಕರೆದು ಕಾರನ್ನು ದಡಕ್ಕೆ ತಳ್ಳಿಸಿದಳು, ಸ್ಪಿರೊನಿಗೆ ಫೋನ್ ಮಾಡಿದಳು. ಸ್ಪಿರೊ ಬಂದು ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ತೆಗೆದು, "ಈಗ ತಿರುಗಿಸಿ," ಎಂದ. ನಾಲ್ಕು ತೂತುಗಳಿಂದ ಉಪ್ಪುನೀರು ಕಾರಂಜಿಯ ಹಾಗೆ ಚಿಮ್ಮಿ ನಿಂತವರ ಮುಖಕ್ಕೆ ಹಾರಿತು. ಒಣಗಿಸಿ, ಎಣ್ಣೆ ಬದಲಾಯಿಸಿದ ಮೇಲೆ ಮಧ್ಯಾಹ್ನಕ್ಕೆ ಆ ಎಂಜಿನ್ ಚಾಲೂ ಆಯಿತು. ಕಂಬಿ ಬಗ್ಗಿರಲಿಲ್ಲ.

"ಸಿಸ್ಟರ್, ನಿಮ್ಮ ಉಪಕಾರ ನಾನು..." ಎಂದು ಓಬ್ರಾದ್ ಶುರುಮಾಡಿದ.

"ಉಪಕಾರ ಹಾಗಿರ್ಲಿ. ಬಂಕಿನ ಗೋಡೆ ಮೇಲೆ ಏನು ಬರ್ದಿದೆ?"

"ನೋಡಿದೀನಿ ಸಿಸ್ಟರ್. ಓದಿರ್ಲಿಲ್ಲ."

"ಹಸುವಿನ ಬಾಲ ಎತ್ತಿ ನೋಡೋಕೆ ಬಗ್ತೀಯಲ್ಲಪ್ಪ, ನಿನ್ನ ಗಾಡಿ ಬಂಪರ್ ಕೆಳಗೆ ನೋಡೋಕೆ ಬೆನ್ನು ಬಗ್ಗಲ್ವಾ?"

ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. ಒದ್ದೆ ಸ್ಕರ್ಟು ಕಾಲಿಗೆ ಅಂಟಿತ್ತು, ಹೋಟೆಲಿನಲ್ಲಿ ಕಾಫಿ ಆರಿಹೋಗಿತ್ತು, ಬೆಟ್ಟದ ಮೇಲೆ ಮೂರು ಮನೆಗಳು ಕಾಯುತ್ತಿದ್ದವು. ಹಳೆಯ ಡಬ್ಬಿ ಎಲ್ಲಿ ಬಿಟ್ಟಿದ್ದಾನೆಂದು ಅವನನ್ನು ಕೇಳಿದಳು. ನಿಕ್ಷಿಚಿನಲ್ಲಿ ಎಂದ.

"ನಾಳೆನೇ ಹೋಗಿ ಹುಡುಕು. ಕೈಗೆ ಗವಸು ಹಾಕ್ಕೊಂಡು ಹೋಗು, ಬಸವನಹುಳು ಇವೆ," ಎಂದು ಹೇಳಿ, ತನ್ನ ಬಿಳಿ ಕಾರಿನ ಬಾಗಿಲು ಧಡ್ಡೆಂದು ಎಳೆದುಕೊಂಡು ಬೆಟ್ಟದ ಕಡೆ ಹೊರಟಳು.